ಗಂಟೆ ಸಡಿಲ, ಲೆಕ್ಕ ಬಿಗಿ

ಇಂಗ್ಲೆಂಡಿನಲ್ಲಿರುವ ನಿಮ್ಮಲ್ಲಿ ಕೆಲವರು ಓದಿನ ಜೊತೆಗೆ ನರ್ಸರಿಯಲ್ಲಿ ಕೆಲಸ ಮಾಡುತ್ತಿರಬಹುದು. ಇನ್ನು ಕೆಲವರ ಅಕ್ಕನೋ ಅತ್ತಿಗೆಯೋ ಆಸ್ಪತ್ರೆಯ ಶಿಫ್ಟಿಗೆ ಓಡುವ ಮುಂಚೆ ಮಗುವನ್ನು ಅಲ್ಲಿ ಬಿಟ್ಟು ಹೋಗುತ್ತಿರಬಹುದು. ಇವತ್ತಿನ ಮಾತು ಇಬ್ಬರಿಗೂ ಸಂಬಂಧಿಸಿದ್ದು.

ಇಲ್ಲಿ ಸರ್ಕಾರ ಹಣ ಕೊಡುವ ಗಂಟೆಗಳನ್ನು ನರ್ಸರಿಗಳು ಬೆಳಗ್ಗೆ 6ರಿಂದ ರಾತ್ರಿ 8ರ ನಡುವೆ ಹೊಂದಿಸಿ ಕೊಡಬಹುದು. ಒಂದು ಸಲಕ್ಕೆ 10 ಗಂಟೆ ಮೀರುವಂತಿಲ್ಲ. ಸಮಯವೇನೋ ಸಡಿಲ. ಸಿಬ್ಬಂದಿಯ ಲೆಕ್ಕ ಮಾತ್ರ ಯಾವ ಹೊತ್ತಿನಲ್ಲೂ ಸಡಿಲವಲ್ಲ.

ಎರಡು ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬರು ಬೇಕು. ಎರಡು ವರ್ಷದ ಮಕ್ಕಳಾದರೆ ಐವರಿಗೆ ಒಬ್ಬರು. 2023ರ ಸೆಪ್ಟೆಂಬರ್‌ಗೆ ಮುಂಚೆ ಇದು ನಾಲ್ವರಿಗೆ ಒಬ್ಬರು ಎಂದಿತ್ತು. ಮೂರು ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಎಂಟಕ್ಕೆ ಒಬ್ಬರು. ಅರ್ಹ ಶಿಕ್ಷಕರು ಮಕ್ಕಳ ಜೊತೆಗೇ ಇದ್ದರೆ ಹದಿಮೂರಕ್ಕೆ ಒಬ್ಬರು. ಮಕ್ಕಳಿರುವಷ್ಟು ಹೊತ್ತೂ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಇರುವವರು ಒಬ್ಬರಾದರೂ ಕಟ್ಟಡದಲ್ಲಿ ಇರಲೇಬೇಕು.

ಈಗ ಬೆಳಗಿನ ಏಳು ಗಂಟೆಯನ್ನು ಯೋಚಿಸಿ. ಮೂರು ಕೂಸುಗಳು ಬಂದಿವೆ, ನೋಡಿಕೊಳ್ಳಲು ಒಬ್ಬರಿದ್ದಾರೆ. ಬಾಗಿಲಲ್ಲಿ ನಾಲ್ಕನೆಯ ಕೂಸು. ಎರಡನೆಯವರ ಶಿಫ್ಟು ಶುರುವಾಗುವುದು ಏಳೂವರೆಗೆ. ಆ ಅರ್ಧ ಗಂಟೆಯಲ್ಲಿ ನರ್ಸರಿ ನಿಯಮ ಮುರಿದಂತೆಯೇ. ಹಗಲಿಡೀ ಎಷ್ಟು ಜನ ಕೆಲಸಕ್ಕಿದ್ದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ; ಈ ಗಳಿಗೆಯಲ್ಲಿ ಯಾರಿದ್ದಾರೆ ಎಂಬುದೇ ಮುಖ್ಯ. ಬೆಂಕಿ ಅಲಾರಂ ಹೊಡೆದರೆ ಒಬ್ಬರು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲರು?

ಹದಿಹರೆಯದವರು ಗಮನವಿಟ್ಟು ಕೇಳಿ. ಸಾಮಾನ್ಯವಾಗಿ 17 ತುಂಬದವರನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. 16 ತುಂಬಿದ ಅಪ್ರೆಂಟಿಸ್‌ಗಳನ್ನು ಮಾತ್ರ, ಅವರು ಸಮರ್ಥರು, ಜವಾಬ್ದಾರಿಯುಳ್ಳವರು ಎಂದು ಖಾತ್ರಿಯಾದರೆ ಸೇರಿಸಬಹುದು. ಶನಿವಾರದ ಕೆಲಸಕ್ಕೆ ಹೋದ 16ರ ಹುಡುಗಿಗೆ “ಐದು ನಿಮಿಷ ಈ ರೂಮು ನೋಡ್ಕೋಮ್ಮಾ” ಅಂದರೆ, “ನಾನು ಲೆಕ್ಕಕ್ಕೆ ಬರಲ್ಲ, ಇನ್ನೊಬ್ಬರನ್ನು ಕರೀರಿ” ಎನ್ನುವುದು ಉದ್ಧಟತನವಲ್ಲ. ಹೇಳಿದರೂ ಕೇಳದಿದ್ದರೆ ಆಫ್‌ಸ್ಟೆಡ್‌ಗೆ ತಿಳಿಸಬಹುದು.

ಹಾಗೆಯೇ ಮನೆಯವರಿಗೂ ಹೇಳಿ: ಸಂಜೆ ಮಗುವನ್ನು ಕರೆದುಕೊಂಡು ಬರಲು ಹತ್ತು ನಿಮಿಷ ತಡವಾದರೆ, ಅಲ್ಲಿ ಯಾರೋ ಒಬ್ಬರು ಮನೆಗೆ ಹೋಗದೆ ಉಳಿಯಬೇಕು. ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಒಂದು ಫೋನ್ ಮಾಡಿದರೆ ಅವರಿಗೆ ದೊಡ್ಡ ಉಪಕಾರ.