ರೈಲು ಹೊರಡುವ ಮುನ್ನ



ಗಣಿ ಕಾರ್ಮಿಕನ ಮಗಳನ್ನು, ಕ್ಷಯರೋಗಿಗಳ ನಡುವೆ ನರ್ಸಾಗಿ ದುಡಿದವಳನ್ನು ಕ್ಷಯದ ವಿರುದ್ಧ ದುಡಿಯುವವರ ಈ ಸಮಾವೇಶದ ಅಧ್ಯಕ್ಷತೆಗೆ ಕರೆದಿದ್ದೀರಿ. ನಿಮಗೆ ನಾನು ಋಣಿ. ಆ ದುಡಿಮೆ ನನಗೆ ಕಲಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಗಂಡಸರು ಔಷಧಿ ಬಿಡುತ್ತಾರೆಂದು ದೂರುವ ಮೊದಲು, ಅವರ ದುಡಿಮೆಯ ಹೊತ್ತಿಗೆ ನಮ್ಮ ಚಿಕಿತ್ಸೆ ಹೊಂದುತ್ತದೆಯೇ ಎಂದು ನೋಡಬೇಕು.

ಚಿನ್ನದ ಗಣಿಗಳ ಊರಾದ ನಮ್ಮ ಕೆಜಿಎಫ್‌ನಲ್ಲಿ ಕೆಮ್ಮು ಹಳೆಯ ನೆಂಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ನಮ್ಮ ಅಜ್ಜಂದಿರು, ಅಪ್ಪಂದಿರು ಕಲ್ಲಿನ ದೂಳು ಕುಡಿದೇ ಬದುಕಿದರು. ಚಾಂಪಿಯನ್ ರೀಫ್ ಗಣಿಯ ಆಳವೇ ಮೂರು ಕಿಲೋಮೀಟರ್ ದಾಟಿತ್ತು. ಆ ದೂಳಿನಿಂದ ಸಿಲಿಕೋಸಿಸ್ ಬಂತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯ ಹಲವು ಪಟ್ಟು ಹೆಚ್ಚು. ಗಣಿ ಬಿಟ್ಟ ಮೇಲೂ ಆ ಅಪಾಯ ಬಿಡುವುದಿಲ್ಲ. ಆದರೆ ಗಣಿ ಕಾರ್ಮಿಕರ ನಮ್ಮ ಲೈನ್ ಮನೆಗಳಲ್ಲಿ ಯಾರು ಕೆಮ್ಮಿದರೂ ‘ಗಣಿ ದೂಳು’ ಎಂದು ಸುಮ್ಮನಾಗುವ ರೂಢಿ ಬೆಳೆಯಿತು. ಆ ಒಂದು ಮಾತಿನ ಹಿಂದೆ ಎಷ್ಟೋ ಕ್ಷಯ ಅಡಗಿ ಕುಳಿತಿದೆ.

ಈ ಮೌನ ನಮ್ಮೂರೊಂದರದೇ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ, ರೋಗಲಕ್ಷಣ ಇದ್ದವರ ಪೈಕಿ ಸುಮಾರು ಶೇ. 64 ಮಂದಿ ಚಿಕಿತ್ಸೆಗೆ ಹೋಗಿಯೇ ಇರಲಿಲ್ಲ. ಹೋಗದವರಲ್ಲಿ ಹೆಚ್ಚಿನವರು ಲಕ್ಷಣವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ದೇಶದಲ್ಲೂ ಜಗತ್ತಿನಲ್ಲೂ ಈ ರೋಗ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು.

ಗಣಿ ಮುಚ್ಚಿದ ಮೇಲೆ ಬದುಕು ರೈಲು ಹತ್ತಿತು. ಮಾರಿಕುಪ್ಪಂನಲ್ಲಿ ಹೊರಡುವ ಬೆಂಗಳೂರು ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾರೆ ಕೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಕಾರ್ಖಾನೆಯ ಗುತ್ತಿಗೆ ನೌಕರರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಮರಳುತ್ತಾರೆ. ಔಷಧಿಗೆಂದು ಮೂರು ಬಾರಿ ಕರೆದರೂ ಬಾರದ ಅಂಥ ಒಬ್ಬರನ್ನು ಭಾನುವಾರ ಮನೆಗೇ ಹೋಗಿ ಗದರಿದೆ. ಅವರು ತಲೆ ತಗ್ಗಿಸಿ ಹೇಳಿದರು: “ಅಕ್ಕಾ, ಔಷಧಿ ಬೇಡ ಅನ್ನಲ್ಲ. ನೀವು ಬಾಗಿಲು ತೆಗೆಯೋ ಹೊತ್ತಿಗೆ ನಾನು ಬೆಂಗಳೂರಲ್ಲಿರ್ತೀನಿ.” ಅಂದಿನಿಂದ ನಾನು ಯಾರನ್ನೂ ಗದರಿಲ್ಲ.

ಶುರು ಮಾಡಿದವರು ನಡುವೆ ನಿಲ್ಲಿಸುವುದಕ್ಕೂ ಕಾರಣಗಳಿವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಮೊದಲ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಬಣ್ಣ ಎಂದು ಮೊದಲೇ ಹೇಳದಿದ್ದರೆ ರಕ್ತವೆಂದು ಹೆದರಿ ಬಿಡುತ್ತಾರೆ. ಎರಡನೇ ತಿಂಗಳಿಗೆ ಹಸಿವು ಮರಳುತ್ತದೆ, ಕೆಮ್ಮು ತಗ್ಗುತ್ತದೆ, ಗುಣವಾಯಿತೆಂದು ಬಿಡುತ್ತಾರೆ. ಆಗ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತೆ ಬೆಳೆಯಬಹುದು. ಇನ್ನು ಕುಡಿತ. ಈ ಔಷಧಿಗಳ ಜೊತೆ ಮದ್ಯ ಸೇರಿದರೆ ಯಕೃತ್ತಿಗೆ ಪೆಟ್ಟು, ಕಾಮಾಲೆಯ ಭಯ. ಅದನ್ನು ಬಿಡಿಸಿ ಹೇಳೋಣ. ಆದರೆ ‘ಕುಡಿತ ಬಿಟ್ಟು ಬಾ’ ಎಂದು ಬಾಗಿಲಿನಿಂದ ಹಿಂದಕ್ಕೆ ಕಳಿಸಿದರೆ ಅವರು ಕುಡಿತ ಬಿಡುವುದಕ್ಕೂ ಔಷಧಿಗೂ ದೂರವಾಗುತ್ತಾರೆ.

ಚಿಕಿತ್ಸೆ ರೋಗಿಯ ಕಡೆಗೆ ನಡೆದು ಬಂದ ಚರಿತ್ರೆ ನಮ್ಮ ಸೀಮೆಯ ಆಸುಪಾಸಿನದೇ. ಒಂದು ಕಾಲಕ್ಕೆ ಕ್ಷಯವೆಂದರೆ ಮದನಪಲ್ಲಿ ಬಳಿಯ ಆರೋಗ್ಯವರಂನಂಥ ಸ್ಯಾನಟೋರಿಯಂ ಸೇರುವುದಾಗಿತ್ತು. ಮನೆಯಲ್ಲೇ ಔಷಧಿ ತೆಗೆದುಕೊಂಡರೂ ಅಷ್ಟೇ ಗುಣವೆಂದು 1959ರಲ್ಲಿ ಮದ್ರಾಸಿನ ಅಧ್ಯಯನ ತೋರಿಸಿತು. ಜಗತ್ತು ದಾರಿ ಬದಲಿಸಿತು. ಮನೆಯವರೆಗೆ ಬಂದ ಔಷಧಿ ಇನ್ನೊಂದು ಹೆಜ್ಜೆ ಇಟ್ಟು ನಿಲ್ದಾಣಕ್ಕೆ ಬರಲಿ ಎಂಬುದು ನನ್ನ ಕೋರಿಕೆ.

ನಾವು ಮಾಡಬಹುದಾದ್ದು ಇಷ್ಟು. ಬೆಳಗಿನ ಕಫ ಪರೀಕ್ಷೆಗೆ ಮುಖ್ಯ. ಆದ್ದರಿಂದ ಕಫದ ಡಬ್ಬಿಯನ್ನು ಹಿಂದಿನ ರಾತ್ರಿಯೇ ಮನೆಗೆ ಕೊಟ್ಟು, ರೈಲಿಗೆ ಮುನ್ನ ನಿಲ್ದಾಣದಲ್ಲೇ ವಾಪಸು ಪಡೆಯೋಣ. ವಾರಕ್ಕೆರಡು ದಿನವಾದರೂ ರಾತ್ರಿ ರೈಲಿನ ಹೊತ್ತಿಗೆ ಔಷಧಿ ಸಿಗಲಿ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿದೆ. ಕೂಲಿ ತಪ್ಪಿದ ಮನೆಗೆ ಅದು ಸಾಲದು, ತಡವಾದರೆ ಅದೂ ಇಲ್ಲ. ಬ್ಯಾಂಕ್ ಖಾತೆಯ ತೊಡಕನ್ನು ಮೊದಲ ವಾರವೇ ಬಿಡಿಸೋಣ. ಗುಣವಾದವರೇ ಹೊಸಬರ ಜೊತೆಗಾರರಾಗಲಿ. ಅದೇ ಬೋಗಿಯಲ್ಲಿ ಕೂತವನ ಮಾತಿಗೆ ನಮ್ಮ ಮಾತಿಗಿಂತ ತೂಕ ಹೆಚ್ಚು. ಗುಳಿಗೆಯ ಹೊಣೆಯನ್ನೆಲ್ಲ ಹೆಂಡತಿಯ ತಲೆಗೆ ಕಟ್ಟದಿರೋಣ. ಹಳೆಯ ಗಣಿ ಕಾರ್ಮಿಕರ ಕೆಮ್ಮನ್ನು ದೂಳೆಂದು ಬಿಡದೆ ಪರೀಕ್ಷಿಸೋಣ.

ಬಂಧುಗಳೇ, ಗಣಿಗೆ ಎಷ್ಟು ಜನ ಇಳಿದರು ಎಂಬ ಲೆಕ್ಕ ಮೇಲೆ ಇರುತ್ತಿತ್ತು. ಪಾಳಿ ಮುಗಿದು ಒಬ್ಬ ಮೇಲೆ ಬಾರದಿದ್ದರೆ ಜೊತೆಗಾರರು ಹುಡುಕಲು ಇಳಿಯುತ್ತಿದ್ದರು. ಕಲ್ಲು ಸಿಡಿದು ಸಿಕ್ಕಿಕೊಂಡವನನ್ನು ‘ನೀನೇಕೆ ಅಲ್ಲಿದ್ದೆ’ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಚಿಕಿತ್ಸಾ ಪಟ್ಟಿಯೂ ಅಂಥದೇ ಲೆಕ್ಕ. ಅದರಿಂದ ಒಬ್ಬ ಕಾಣೆಯಾದರೆ, ಆ ಸಂಜೆಯೇ ಹುಡುಕಲು ಹೊರಡೋಣ.