ಹೈಸ್ಕೂಲು ಬಿಡುವ ಮಕ್ಕಳು

(ಕಬ್ಬು ಬೆಳೆಗಾರರ ಸಭೆಯಲ್ಲಿ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಕೂಳೆ ಕಬ್ಬಿನಲ್ಲಿ ಬುಡ ಸತ್ತ ಕಡೆ ಬೇಗನೆ ಸಸಿ ನೆಟ್ಟು ತುಂಬಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಡವಾಗಿ ನೆಟ್ಟರೆ ಪಕ್ಕದ ಕಬ್ಬಿನ ನೆರಳಿಗೆ ಅದು ಮೇಲೇಳುವುದೇ ಇಲ್ಲ. ಪಾಠ ತಪ್ಪಿದ ಮಗುವಿನ ಪಾಡೂ ಅದೇ. ಯಾವ ಮಗುವೂ ಒಂದೇ ದಿನಕ್ಕೆ ಶಾಲೆ ಬಿಡುವುದಿಲ್ಲ. ಮೊದಲು ನಾಲ್ಕು ದಿನ ಬರುವುದಿಲ್ಲ. ಬಂದಾಗ ಲೆಕ್ಕ ಮುಂದೆ ಹೋಗಿರುತ್ತದೆ. ಅರ್ಥವಾಗದೆ ಮತ್ತೆ ನಿಲ್ಲುತ್ತದೆ. ಕೊನೆಗೆ "ಅವನಿಗೆ ಓದು ತಲೆಗೆ ಹತ್ತಲಿಲ್ಲ" ಎಂದು ಮನೆಯವರು ತೀರ್ಮಾನ ಕೊಡುತ್ತಾರೆ.

ಆ ನಾಲ್ಕು ದಿನ ಬಹಳ ಸಲ ಕಟಾವಿನ ದಿನಗಳೇ. ಕಾರ್ಖಾನೆಯಿಂದ ಕಟಾವಿನ ಆದೇಶ ಬಂದೊಡನೆ, ಆಳು ಸಾಲದೆ, ಮಗ ಹೊಲಕ್ಕೆ, ಮಗಳು ಅಡಿಗೆಗೂ ದನಕರುಗಳಿಗೂ ನಿಲ್ಲುತ್ತಾರೆ. 10ನೇ ತರಗತಿಯ ಪರೀಕ್ಷೆ ಮಾರ್ಚ್-ಏಪ್ರಿಲ್ ತಿಂಗಳಲ್ಲಿ. ಪಾಠ ತಿರುವಿ ಹಾಕುವ ಕಾಲವೂ ಕಬ್ಬು ಕಡಿಯುವ ಕಾಲವೂ ಒಂದರ ಮೇಲೊಂದು ಬೀಳುತ್ತವೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, 8ನೇ ತರಗತಿಯವರೆಗೆ. ಆಮೇಲೆ ಮಗುವನ್ನು ಶಾಲೆಯಲ್ಲಿ ಉಳಿಸುವ ಭಾರ ಹೆತ್ತವರದು.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕುಂಟು. 2006ರ ಕಾಯ್ದೆಯಂತೆ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿ ಏರುತ್ತಾ, 2016ರ 10ನೇ ತರಗತಿಯ ಪರೀಕ್ಷೆಗೆ ಬಂದು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ನ್ಯಾಯಾಲಯಗಳು ವಿನಾಯಿತಿ ಕೊಟ್ಟದ್ದುಂಟು. 2023ರಲ್ಲಿ ಸುಪ್ರೀಂ ಕೋರ್ಟೂ ಕೊಟ್ಟಿತು. ಆದರೆ ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡಿ. 9ನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು, ಮಗು ಯಾವ ಭಾಷೆಯ ಪತ್ರಿಕೆ ಬರೆಯಬೇಕೆಂದು ಕೇಳಿ ತಿಳಿಯಿರಿ.

ಫೇಲಾದರೆ ಅದೇ ವರ್ಷ ಪೂರಕ ಪರೀಕ್ಷೆಯಿದೆ. ಫೀಜು ಕಟ್ಟಿ ಕೂರಿಸಿ. ಹೊಸೂರಿನ ಕೈಗಾರಿಕೆಗಳಲ್ಲಿ ದಿನಗೂಲಿ ಸಿಗುತ್ತದೆಂದು ಬಿಡಿಸಬೇಡಿ. ಐಟಿಐಯ ಹೆಚ್ಚಿನ ಟ್ರೇಡುಗಳಿಗೆ 10ನೇ ತರಗತಿ ಪಾಸಾಗಿರಬೇಕು. 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ ತಿಂಗಳಿಗೆ 1000 ರೂಪಾಯಿ ಕೊಡುವ 'ಪುದುಮೈ ಪೆಣ್' ಯೋಜನೆ 2022ರಲ್ಲಿ ಬಂತು. 9ರಲ್ಲೇ ಬಿಡಿಸಿದ ಮಗಳಿಗೆ ಅಂಥದ್ದು ದಕ್ಕುವುದು ಹೇಗೆ?

ನನ್ನ ಬೇಡಿಕೆ ಎರಡೇ. ಕಟಾವಿಗೆ ಆಳು ಸಾಲದಿದ್ದರೆ ಅಕ್ಕಪಕ್ಕದವರು ಮುಯ್ಯಾಳು ಮಾಡಿಕೊಳ್ಳಿ. ಓದುವ ಮಗುವಿನ ಕೈಗೆ ಮಚ್ಚು ಕೊಡಬೇಡಿ. ಎಂದಾದರೂ ಪಾಠ ತಪ್ಪಿದರೆ ಆ ವಾರವೇ ಮೇಷ್ಟರನ್ನು ಕಂಡು ತುಂಬಿಸಿಕೊಡಿ. ಕಟಾವು ನಾಲ್ಕು ದಿನ ತಡವಾದರೆ ಸ್ವಲ್ಪ ತೂಕ ಹೋದೀತು. ನಿಂತುಹೋದ ಓದು ಮಾತ್ರ ಕೂಳೆಯಂತೆ ತಾನಾಗಿ ಚಿಗುರುವುದಿಲ್ಲ.