ಊರು ಚೆಂದ, ಜನ ಒರಟು

ದೊಡ್ಡ ನಗರವೊಂದನ್ನು ನೋಡಿಕೊಂಡು ಬಂದವರನ್ನು "ಊರು ಹೇಗಿತ್ತು?" ಎಂದು ಕೇಳಿ ನೋಡಿ. ಎತ್ತರದ ಕಟ್ಟಡ, ಸಮುದ್ರದ ದಂಡೆ, ವಸ್ತುಸಂಗ್ರಹಾಲಯ ಇವುಗಳ ವರ್ಣನೆ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಮುಖ್ಯವಾದ ಮಾತು ಬರುವುದು ಅನಂತರ: "ಊರೇನೋ ಚೆಂದ, ಆದರೆ ಜನ ಒರಟು." ಟಿಕೆಟು ಕೊಡುವವನು ಸಿಡುಕಿದ್ದು, ಅಂಗಡಿಯವಳು ಮುಖವೆತ್ತಿ ನೋಡದಿದ್ದುದು, ದಾರಿ ಕೇಳಿದರೆ ನಿಲ್ಲದೆ ನಡೆದದ್ದು, ಇವು ಹತ್ತು ವರ್ಷ ಕಳೆದರೂ ಮರೆಯುವುದಿಲ್ಲ. ಪ್ರವಾಸಿಯ ನೆನಪಿನಲ್ಲಿ ಮಹಾನಗರವೊಂದು ಕೊನೆಗೆ ಉಳಿಯುವುದು ಮೂರೋ ನಾಲ್ಕೋ ಅಪರಿಚಿತರ ಮುಖಭಾವವಾಗಿ. ಲಕ್ಷಾಂತರ ಜನರಿರುವ ಊರಿನ ನಡತೆಯನ್ನು ನಾಲ್ಕು ಜನರ ಮೇಲಿಂದ ತೀರ್ಮಾನಿಸುವ ಈ ನ್ಯಾಯಾಲಯದಲ್ಲಿ ಆರೋಪಿಗೆ ಬಾಯಿ ತೆರೆಯುವ ಅವಕಾಶವೇ ಇರುವುದಿಲ್ಲ.

ನಾನೂ ಇಂಥ ನ್ಯಾಯಾಧೀಶನಾಗಿದ್ದವನೇ. 1982ರಲ್ಲಿ, ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊದಲ ಸಲ ಮುಂಬಯಿಗೆ ಹೋದೆ. ಇಂದು ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಹೊತ್ತಿರುವ, ಅಂದಿನ ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಸಂಜೆ ಆರರ ಹೊತ್ತಿಗೆ ನಿಂತಿದ್ದೆ. ಹೋಗಬೇಕಾಗಿದ್ದುದು ಮಾಟುಂಗಾಕ್ಕೆ. ಮೈಸೂರು ಅಸೋಸಿಯೇಷನ್ನು, ಉಡುಪಿಯವರ ಹೋಟೆಲುಗಳು ಇರುವ ಆ ಬಡಾವಣೆ ಕನ್ನಡಿಗರಿಗೆ ಪರಸ್ಥಳವೇನೂ ಅಲ್ಲ. ಆದರೆ ಅಲ್ಲಿಗೆ ತಲುಪಬೇಕಲ್ಲ! ಎದುರಿಗೆ ಬಂದವರೊಬ್ಬರನ್ನು ತಡೆದು, ನನಗೆ ತಿಳಿದಿದ್ದ ಹಿಂದಿಯಲ್ಲಿ, ಸಾಕಷ್ಟು ಪೀಠಿಕೆಯೊಡನೆ ದಾರಿ ಕೇಳಿದೆ. ಅವರು ನಿಲ್ಲಲಿಲ್ಲ; ನನ್ನ ಮುಖವನ್ನೂ ನೋಡಲಿಲ್ಲ. ಒಂದು ಗಾಡಿಯತ್ತ ಕೈಚಾಚಿ "ಸ್ಲೋ, ಸ್ಲೋ" ಎಂದು ಎರಡು ಸಲ ಹೇಳಿ ಜನರ ನಡುವೆ ಮರೆಯಾದರು. ಹೇಗೋ ಆ ಗಾಡಿ ಹತ್ತಿದೆ. ಬಾಗಿಲಲ್ಲೇ ನಿಂತಿದ್ದ ನನ್ನನ್ನು ದಾದರಿನಲ್ಲಿ ಇಳಿಯುವವರ ಪ್ರವಾಹವು ಒಂದು ನಿಲ್ದಾಣ ಮೊದಲೇ ಹೊರಕ್ಕೆ ನೂಕಿತು. "ಇಳಿಯದವನು ಬಾಗಿಲಲ್ಲಿ ಏಕೆ ನಿಂತೆ?" ಎಂದು ಯಾರೋ ತಮ್ಮ ಹಿಂದಿಯಲ್ಲಿ, ಏಕವಚನದಲ್ಲಿ, ಗದರಿಸಿದರು.

ಆ ಏಕವಚನ ಬಹಳ ದಿನ ನೋಯಿಸಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ, ನವ್ಯರ ಕಥೆಗಳನ್ನು ಪಾಠ ಮಾಡುವಾಗ, ನಗರದಲ್ಲಿ ಮನುಷ್ಯನಿಗೆ ಮನುಷ್ಯ ಅಪರಿಚಿತನಾಗುವ ಪ್ರಸ್ತಾಪ ಬಂದಾಗಲೆಲ್ಲ ಈ ಎರಡು ಪ್ರಸಂಗಗಳನ್ನು ನಿದರ್ಶನವಾಗಿ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು.

ಇಂಥ ತೀರ್ಪು ಕೊಟ್ಟವನು ನಾನೊಬ್ಬನೇ ಅಲ್ಲ. 2006ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಜಗತ್ತಿನ 35 ನಗರಗಳ ಸೌಜನ್ಯವನ್ನು ಅಳೆಯಲು ಹೊರಟಿತು. ಪರೀಕ್ಷೆಗಳು ಮೂರು. ಮುಂದೆ ಹೋಗುತ್ತಿರುವವರು ಹಿಂದೆ ಬರುವವರಿಗಾಗಿ ಬಾಗಿಲು ಹಿಡಿಯುತ್ತಾರೆಯೆ? ಕೈಯಲ್ಲಿದ್ದ ಕಾಗದಗಳು ಕೆಳಗೆ ಚೆಲ್ಲಿದರೆ ಆರಿಸಿಕೊಡುತ್ತಾರೆಯೆ? ಸಣ್ಣ ವ್ಯಾಪಾರ ಮಾಡಿದವರಿಗೆ ಅಂಗಡಿಯವರು ಧನ್ಯವಾದ ಹೇಳುತ್ತಾರೆಯೆ? ನೂರಕ್ಕೆ 80 ಅಂಕ ಪಡೆದು ನ್ಯೂಯಾರ್ಕ್ ಮೊದಲನೆಯದಾಯಿತು. 32 ಅಂಕದೊಡನೆ ಮುಂಬಯಿ ಕಟ್ಟಕಡೆಗೆ ನಿಂತಿತು.

ಪರೀಕ್ಷೆ ಮಾಡಿದವರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿತ್ತು ಎಂದು ಕೇಳಬೇಕಾಗುತ್ತದೆ. ನಮ್ಮ ಬೀದಿಯ ಅಂಗಡಿಗಳಲ್ಲಿ ಬಹುಪಾಲಿಗೆ ಹಿಡಿಯಲು ಬಾಗಿಲೇ ಇಲ್ಲ. ಬೆಳಗ್ಗೆ ಮೇಲೆತ್ತಿ ರಾತ್ರಿ ಕೆಳಗೆಳೆಯುವ ಷಟರು ಮಾತ್ರ. ಇನ್ನು "ಧನ್ಯವಾದ" ಎಂಬುದು ನಮ್ಮಲ್ಲಿ ಸಭೆಯ ಕೊನೆಗೆ ಕಾರ್ಯದರ್ಶಿಗಳು ಆಡುವ ಮಾತು. ಊಟ ಬಡಿಸಿದ ತಾಯಿಗೆ "ಧನ್ಯವಾದಗಳು" ಎಂದು ಹೇಳಿ ನೋಡಿ. ಮಗ ಮುನಿಸಿಕೊಂಡಿದ್ದಾನೆಂದೇ ಆಕೆ ತಿಳಿದಾಳು. ಕೃತಜ್ಞತೆಯನ್ನು ನಾವು ಬೇರೆ ಮಾತುಗಳಲ್ಲಿ ಅಡಗಿಸಿಟ್ಟಿದ್ದೇವೆ. ಹೊರಡುವಾಗ "ಹೋಗುತ್ತೇನೆ" ಎನ್ನದೆ "ಬರುತ್ತೇನೆ" ಎನ್ನುತ್ತೇವಲ್ಲ, ಅದರಲ್ಲಿದೆ ಅದು. ಅಂಗಡಿಯವನ ಬಳಿ ಚಿಲ್ಲರೆ ಇಲ್ಲದಿದ್ದರೆ "ಇರಲಿ, ಈ ಕಡೆ ಬಂದಾಗ ಕೊಡಿ" ಎನ್ನುತ್ತಾನೆ. ಅಪರಿಚಿತನನ್ನು ನಂಬುವ ಆ ಮಾತಿಗೆ ಸಮೀಕ್ಷೆಯಲ್ಲಿ ಅಂಕವಿರಲಿಲ್ಲ.

ಮೊದಲ ಸ್ಥಾನ ಪಡೆದ ನ್ಯೂಯಾರ್ಕಿನ ಕಥೆಯನ್ನೂ ನೋಡಿ. 1994ರಲ್ಲಿ ರಾಬರ್ಟ್ ಲೆವೀನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ಅಮೆರಿಕದ 36 ನಗರಗಳಲ್ಲಿ ಅಪರಿಚಿತರಿಗೆ ಜನ ಎಷ್ಟು ನೆರವಾಗುತ್ತಾರೆಂಬುದರ ಅಧ್ಯಯನವನ್ನು ಪ್ರಕಟಿಸಿದರು. ಬಿದ್ದ ಲೇಖನಿಯನ್ನು ಎತ್ತಿಕೊಡುವುದು, ಅಂಧರನ್ನು ರಸ್ತೆ ದಾಟಿಸುವುದು, ಚಿಲ್ಲರೆ ಕೊಡುವುದು ಮುಂತಾದವು ಅಲ್ಲಿಯ ಪರೀಕ್ಷೆಗಳು. ಆ ಪಟ್ಟಿಯಲ್ಲಿ ನ್ಯೂಯಾರ್ಕ್ 36ನೆಯದು! ಹನ್ನೆರಡು ವರ್ಷಗಳಲ್ಲಿ ಊರು ಬದಲಾಗಿರಬಹುದು. ಅಳತೆಗೋಲು ಬದಲಾದದ್ದಂತೂ ನಿಶ್ಚಯ.

ಸಭ್ಯತೆಯೂ ಒಂದು ಭಾಷೆ. ಅದಕ್ಕೊಂದು ವ್ಯಾಕರಣವಿದೆ, ಊರೂರಿಗೆ ಅದು ಬೇರೆಯಾಗುತ್ತದೆ. ಪ್ಯಾರಿಸ್ಸಿನವರು ಒರಟರೆಂಬ ಅಪವಾದ ಎಷ್ಟು ಹಬ್ಬಿತ್ತೆಂದರೆ, 2013ರಲ್ಲಿ ಅಲ್ಲಿಯ ವಾಣಿಜ್ಯ ಮಂಡಳಿಯೂ ಪ್ರವಾಸೋದ್ಯಮ ಸಮಿತಿಯೂ ಸೇರಿ, ಯಾವ ದೇಶದ ಪ್ರವಾಸಿಯೊಡನೆ ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಕೈಪಿಡಿಯೊಂದನ್ನು ಅಚ್ಚುಹಾಕಿಸಿ, ಟ್ಯಾಕ್ಸಿಯವರಿಗೆ, ಹೋಟೆಲಿನವರಿಗೆ, ಅಂಗಡಿಯವರಿಗೆ 30,000 ಪ್ರತಿಗಳನ್ನು ಹಂಚಿದವು. ಆದರೆ ಪ್ಯಾರಿಸ್ಸಿನ ಅಂಗಡಿಯವರ ದೂರೂ ಒಂದಿದೆ. ಅಲ್ಲಿ ಅಂಗಡಿಯೆಂದರೆ ಒಬ್ಬರ ಮನೆಯಿದ್ದಂತೆ. ಒಳಗೆ ಕಾಲಿಟ್ಟವರು ಮೊದಲು "ಬಾಂಜೂರ್" ಎಂದು ವಂದಿಸಬೇಕು. ವಂದಿಸದೆ ನೇರವಾಗಿ ಬೆಲೆ ಕೇಳಿದ ಪ್ರವಾಸಿ ತಾನೇ ಮೊದಲು ಒರಟುತನ ತೋರಿರುತ್ತಾನೆ. ತನಗೆ ದೊರೆತ ಬಿರುಸು ಅದರ ಪ್ರತಿಧ್ವನಿಯೆಂದು ಮಾತ್ರ ಅವನಿಗೆ ತಿಳಿಯುವುದಿಲ್ಲ. ಅಲ್ಲಿ ಊಟ ಮುಗಿಸಿದವನು ತಾನಾಗಿ ಕೇಳುವವರೆಗೆ ಬಿಲ್ಲು ತಂದಿಡುವುದಿಲ್ಲ. ತಂದಿಟ್ಟರೆ ಅತಿಥಿಯನ್ನು ಏಳಿಸಿದಂತೆ. ಅವಸರದ ಪ್ರವಾಸಿಗೆ ಅದು ಅಲಕ್ಷ್ಯವಾಗಿ ಕಾಣುತ್ತದೆ. ನಮ್ಮ ಹೋಟೆಲಿನಲ್ಲಾದರೋ ಕಾಫಿಯ ಲೋಟದೊಡನೆಯೇ ಬಿಲ್ಲು ಬರುತ್ತದೆ. ಪ್ಯಾರಿಸ್ಸಿನವನು ಇಲ್ಲಿಗೆ ಬಂದರೆ ತನ್ನನ್ನು ಓಡಿಸುತ್ತಿದ್ದಾರೆಂದೇ ಭಾವಿಸಿಯಾನು.

ಅಷ್ಟು ದೂರ ಏಕೆ? ಧಾರವಾಡದವರು ಗೌರವದಿಂದಲೇ "ಏನ್ರೀ" ಎನ್ನುತ್ತಾರೆ. ಮೈಸೂರಿನ ಕಿವಿಗೆ ಅದು ಜಗಳಕ್ಕೆ ಕರೆದಂತೆ ಕೇಳುತ್ತದೆ. ಮೈಸೂರಿನವರ ನಯವಾದ ಸುತ್ತುಮಾತು ಧಾರವಾಡದವರಿಗೆ ಮನಸ್ಸು ಬಿಚ್ಚದ ಮಾತಾಗಿ ತೋರುತ್ತದೆ. ಲಖನೌದವರ "ಆಪ್" ಮುಂಬಯಿಯ ಬೀದಿಯ ಹಿಂದಿಯಲ್ಲಿ ಅಪರೂಪ. ಮರಾಠಿ, ಗುಜರಾತಿ, ಕೊಂಕಣಿ, ಕನ್ನಡ ಮಾತಾಡುವವರೆಲ್ಲ ತಮ್ಮ ತಮ್ಮ ಅವಸರಕ್ಕೆ ತಕ್ಕಂತೆ ಬಳಸಿಕೊಂಡ ಆ ಹಿಂದಿ ಬಹುವಚನದ ಭಾರವನ್ನು ಕೆಳಗಿಳಿಸಿಬಿಟ್ಟಿದೆ. ದಾದರಿನಲ್ಲಿ ನನಗೆ ಸಿಕ್ಕ ಏಕವಚನ ಅವಮಾನವಾಗಿರಲಿಲ್ಲ. ಅದು ಆ ಊರಿನ ವ್ಯಾಕರಣ.

ದೊಡ್ಡ ನಗರದ ವ್ಯಾಕರಣ ಹೀಗೇಕೆ ಸಂಕ್ಷಿಪ್ತವಾಗುತ್ತದೆ? ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1903ರಷ್ಟು ಹಿಂದೆಯೇ, ತಾವು ಬಾಳಿದ ಬರ್ಲಿನ್ ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು, ಇದಕ್ಕೆ ಉತ್ತರ ಹುಡುಕಿದರು. ಸಣ್ಣ ಊರಿನಲ್ಲಿ ಎದುರಾದವರಿಗೆಲ್ಲ ಮನಸ್ಸು ತೆರೆಯುವಂತೆ ನಗರದವನು ತೆರೆಯಹೊರಟರೆ ಅವನ ಮನಸ್ಸು ಚೂರುಚೂರಾದೀತು. ಅವನ ಬಿಗುವು ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಎಂಬುದು ಅವರ ವಿಚಾರದ ಸಾರ. 1970ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್‌ಗ್ರಮ್ ಇದನ್ನೇ ಹೊರೆಯ ಮಾತಾಗಿ ವಿವರಿಸಿದರು: ಮನಸ್ಸು ಹೊರಲಾರದಷ್ಟು ಸಂಪರ್ಕಗಳು ಮೇಲೆ ಬಿದ್ದಾಗ ಮನುಷ್ಯ ಪ್ರತಿಯೊಬ್ಬರಿಗೂ ಕೊಡುವ ಸಮಯವನ್ನು ಕಡಿಮೆ ಮಾಡಿಕೊಳ್ಳುತ್ತಾನೆ.

ಮುಂಬಯಿಯ ಲೋಕಲ್ ಗಾಡಿಗಳಲ್ಲಿ 2020ಕ್ಕೆ ಮುಂಚೆ ದಿನವೊಂದಕ್ಕೆ ಸುಮಾರು 75 ಲಕ್ಷ ಮಂದಿಯ ಪ್ರಯಾಣ. ಅವಸರದ ಹೊತ್ತಿನಲ್ಲಿ ಒಂದು ಚದರ ಮೀಟರು ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆಂದು ರೈಲ್ವೆಯವರದೇ ಲೆಕ್ಕ. ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟು. ಅಲ್ಲಿ ಬಾಗಿಲಿಗೆ ಅಡ್ಡ ನಿಂತವನು ಎಷ್ಟೋ ಜನರ ಸಂಜೆಯನ್ನು ತಡೆದು ನಿಲ್ಲಿಸಿದ್ದಾನೆ. ಅಂದು ಆ ಸಂಜೆ ಒರಟಾಗಿ ನಡೆದುಕೊಂಡವನು ನಾನು.

ಇನ್ನು ಆ "ಸ್ಲೋ, ಸ್ಲೋ" ಎಂಬ ಮಾತು. ಅದರ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಫಾಸ್ಟ್ ಗಾಡಿಗಳು ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಪರವೂರಿನವನು ತಪ್ಪುವುದು ಎಲ್ಲಿ ಎಂಬುದನ್ನು ಊಹಿಸಿ, ನಡಿಗೆಯನ್ನು ನಿಲ್ಲಿಸದೆ, ನನಗೆ ಬೇಕಾಗಿದ್ದ ಒಂದೇ ಪದವನ್ನು ಎರಡು ಸಲ ಹೇಳಿ ಹೋಗಿದ್ದರು ಆ ಮನುಷ್ಯ. ನಮ್ಮ ಊರಿನಲ್ಲಾಗಿದ್ದರೆ ನಿಂತು, ಯಾವ ಊರು, ಯಾರ ಮನೆ ಎಂದೆಲ್ಲ ವಿಚಾರಿಸಿ, ದಾರಿ ಗೊತ್ತಿಲ್ಲದಿದ್ದರೂ ಗೊತ್ತಿಲ್ಲವೆನ್ನಲು ಸಂಕೋಚಪಟ್ಟು, ತೋಚಿದ ದಿಕ್ಕಿಗೆ ಕಳಿಸಿಕೊಡುತ್ತಿದ್ದರು. ನಾನು ಬಹಳ ಸಂತೋಷದಿಂದ ದಾರಿ ತಪ್ಪುತ್ತಿದ್ದೆ.

ಈ ತಿಳಿವು ತರ್ಕದಿಂದ ಬಂದದ್ದಲ್ಲ. 2005ರ ಜುಲೈ 26ರಂದು ಮೌಖಿಕ ಪರೀಕ್ಷೆಯೊಂದಕ್ಕಾಗಿ ಮುಂಬಯಿಯ ಕಲೀನಾದಲ್ಲಿದ್ದೆ. ಪಕ್ಕದ ಸಾಂತಾಕ್ರೂಜಿನ ಮಾಪನದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ದಾಖಲಾದ ದಿನ ಅದು. ಮೈಸೂರಿಗೆ ಸರಾಸರಿ ಒಂದು ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚು. ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಬಸ್ಸು ನಿಂತುಹೋಯಿತು, ದೀಪ ಆರಿತು, ನೀರು ಸೊಂಟಕ್ಕೆ ಬಂತು. ಬಾಯ್ದೆರೆದ ಮ್ಯಾನ್‌ಹೋಲುಗಳ ಬಳಿ ಹುಡುಗರು ನಿಂತು "ಈ ಕಡೆ ಬರಬೇಡ, ಆ ಕಡೆ ನಡೆ" ಎಂದು ಕೂಗುತ್ತಿದ್ದರು, ಎಲ್ಲರಿಗೂ ಏಕವಚನವೇ. ಯಾರದೋ ಕೈ ಹಿಡಿದು ನಡೆದು ಒಂದು ಚಾಳಿನ ಮಹಡಿ ಸೇರಿದೆ. ಒಂದು ಕೋಣೆಯ ಆ ಸಂಸಾರ ಆ ರಾತ್ರಿ ನಮ್ಮಂಥ ಆರು ಮಂದಿಗೆ ಜಾಗ ಮಾಡಿಕೊಟ್ಟಿತು. ಒಣಬಟ್ಟೆ ಕೊಟ್ಟರು, ಚಹಾ ಕೊಟ್ಟರು. ಹೆಸರು ಕೇಳಲಿಲ್ಲ, ಜಾತಿಯನ್ನಂತೂ ಕೇಳಲಿಲ್ಲ. ಬೆಳಗ್ಗೆ ನಾನು ಉಪಕಾರಸ್ಮರಣೆಯ ವಾಕ್ಯವೊಂದನ್ನು ಹಿಂದಿಯಲ್ಲಿ ಕಟ್ಟಿಕೊಳ್ಳುತ್ತಿದ್ದಾಗ ಮನೆಯ ಅಜ್ಜಿ ಕೆಳಗೆ ಇಣುಕಿ ನೋಡಿ ಹೇಳಿದರು: "ಪಾಣೀ ಉತರಲಂ, ಆತಾ ನಿಘಾ." ನೀರು ಇಳಿಯಿತು, ಇನ್ನು ಹೊರಡಿ. ಅಷ್ಟೇ ಬೀಳ್ಕೊಡುಗೆ. 1982ರ ಕಿವಿಯಿಂದ ಕೇಳಿದ್ದರೆ ಮನೆಯಿಂದ ಹೊರಗೆ ಹಾಕಿದರೆಂದು ಬರೆದಿಟ್ಟುಕೊಳ್ಳುತ್ತಿದ್ದೆ. ಮತ್ತೆ ಮೋಡ ಕವಿಯುವ ಮೊದಲು ಮನೆ ಸೇರಿಕೊಳ್ಳಲಿ ಎಂಬ ಕಾಳಜಿ ಆ ಮಾತಿನೊಳಗಿತ್ತೆಂಬುದು ಆ ರಾತ್ರಿಯನ್ನು ಕಳೆದವನಿಗೆ ಮಾತ್ರ ಕೇಳಿಸುವಂತಿತ್ತು.

ಮುಂದಿನ ವರ್ಷ, ಸೌಜನ್ಯದ ಪಟ್ಟಿಯಲ್ಲಿ ಕೊನೆಗೆ ನಿಂತ ಕೆಲವೇ ವಾರಗಳಲ್ಲಿ, ಜುಲೈ 11ರ ಸಂಜೆ ಇದೇ ಊರಿನ ಏಳು ಲೋಕಲ್ ಗಾಡಿಗಳಲ್ಲಿ ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಹಳಿಯ ಪಕ್ಕದ ಜೋಪಡಿಗಳವರು ತಮ್ಮ ಹೊದಿಕೆಗಳನ್ನು ತಂದು ಗಾಯಗೊಂಡವರನ್ನು ಅವುಗಳಲ್ಲಿ ಹೊತ್ತೊಯ್ದರು.

ಸಂಕಟದ ದಿನದ ದಯೆ ಬೇರೆ, ನಿತ್ಯದ ಸಭ್ಯತೆ ಬೇರೆ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ನಿತ್ಯವೂ ಅಲ್ಲಿ, ಓಡಿ ಬರುವವನನ್ನು ಒಳಗೆಳೆದುಕೊಳ್ಳಲು ಗಾಡಿಯ ಬಾಗಿಲಿನಿಂದ ಕೈಯೊಂದು ಹೊರಚಾಚುತ್ತದೆ. ಮೂವರ ಆಸನದಲ್ಲಿ ಮೂವರೂ ಸರಿದು ನಾಲ್ಕನೆಯವನಿಗೆ ಎಡೆಮಾಡುತ್ತಾರೆ. ಅದಕ್ಕೆ ವಿನಂತಿಯೂ ಇಲ್ಲ, ವಂದನೆಯೂ ಇಲ್ಲ.

ಹಾಗೆಂದು ನಗರದ ಎಲ್ಲ ಬಿರುಸನ್ನೂ ವ್ಯಾಕರಣವೆಂದು ಮನ್ನಿಸಿಬಿಡುವುದು ಸಲ್ಲದು. ನಿಜವಾದ ಒರಟುತನವೂ ಇದೆ. ಅದನ್ನು ಗುರುತಿಸುವ ಬಗೆ ಹೇಗೆ? ಅವಸರದ ಬಿರುಸು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಒರಟುತನ ಆಳು ನೋಡಿ ಬೀಳುತ್ತದೆ. ಮಾಲೀಕರನ್ನು "ತಾವು" ಎಂದ ನಾಲಗೆಯೇ ಮೇಜು ಒರೆಸುವ ಹುಡುಗನನ್ನು "ಲೋ" ಎಂದು ಕರೆದಾಗ, ತಿರುಗಿ ಮಾತಾಡಲಾರದವನ ಮೇಲೆ ಮಾತ್ರ ದನಿಯೇರಿದಾಗ, ಯಾವ ಊರಿನ ವ್ಯಾಕರಣವೂ ನಮ್ಮನ್ನು ಕಾಯಲಾರದು. ಆ ಒರಟುತನಕ್ಕೆ ಮಹಾನಗರವೇ ಆಗಬೇಕಾಗಿಲ್ಲ. ನಯವಾದ ಮಾತಿಗೆ ಹೆಸರಾದ ಸಣ್ಣ ಊರುಗಳಲ್ಲೂ ಅದು ಚೆನ್ನಾಗಿ ಬೆಳೆಯುತ್ತದೆ.

ಮೊನ್ನೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡಿದ್ದ ಹುಡುಗನೊಬ್ಬ, ಕೂಲಿಗಾಗಿ ಉತ್ತರದ ಯಾವುದೋ ರಾಜ್ಯದಿಂದ ಬಂದವನಿರಬೇಕು, ಪಕ್ಕದ ಊರಿಗೆ ಹೋಗುವ ಬಸ್ಸು ಯಾವುದೆಂದು ಕೇಳಿದ. ಮಳೆ ಹನಿಯುತ್ತಿತ್ತು, ನಾನೂ ಅವಸರದಲ್ಲಿದ್ದೆ. ನಿಲ್ಲದೆ ಕೈತೋರಿಸಿ ನಡೆದೆ. ಹತ್ತು ಹೆಜ್ಜೆ ಹೋದ ಮೇಲೆ ನೆನಪಾಯಿತು: ಅಲ್ಲಿ ನಿಂತಿದ್ದ ಎರಡು ಬಸ್ಸುಗಳಲ್ಲಿ ಒಂದು ಬೈಪಾಸಿನಲ್ಲೇ ಹೋಗುತ್ತದೆ, ಆ ಊರೊಳಗೆ ಹೋಗುವುದಿಲ್ಲ. ಹಿಂತಿರುಗಿ ನೋಡಿದೆ. ಜನರ ನಡುವೆ ಹುಡುಗ ಕಾಣಲಿಲ್ಲ.

ಆ ಹುಡುಗ ತನ್ನ ಮನೆಯವರಿಗೆ ನಮ್ಮ ಊರಿನ ವಿಷಯ ಏನು ಹೇಳಿರುತ್ತಾನೋ ಅರಿಯೆ. ವಿಕ್ಟೋರಿಯಾ ಟರ್ಮಿನಸ್ಸಿನ ಆ ಅಪರಿಚಿತರಂತೆ ನಾನೂ ನಿಲ್ಲಲಿಲ್ಲ, ನಾನೂ ಮುಖ ನೋಡಲಿಲ್ಲ. ಆದರೆ ಅವರು ಹೇಳಿ ಹೋದ ಆ ಒಂದು ಮಾತನ್ನು ನಾನು ಹೇಳಿರಲಿಲ್ಲ.